13 ದಿನ ಮನೆಗೆ ಬೀಗ, ಒಂದು ಮೀನೂ ಸಾಯಲಿಲ್ಲ

ಮೇ ತಿಂಗಳು, ವಿಜಯಪುರದ ಬಿಸಿಲು, ಮನೆಗೆ ಬೀಗ, ಒಳಗೆ ನನ್ನ ಮೂರು ಅಡಿ ಮೀನಿನ ಟ್ಯಾಂಕ್. ಕಾಶಿ, ಪ್ರಯಾಗ, ಅಯೋಧ್ಯೆ ಮುಗಿಸಿ 13 ದಿನ ಬಿಟ್ಟು ಬಂದೆವು. ಚಪ್ಪಲಿ ಬಿಡೋದಕ್ಕೂ ಮೊದಲು ಎಣಿಸಿದೆ. 4 ಏಂಜೆಲ್, 11 ಮೋಲಿ, ಒಂದು ಗೇಣುದ್ದದ ಸಕ್ಕರ್, ಎಲ್ಲಾ ಇದ್ದವು. ಈ 13 ದಿನ ಟ್ಯಾಂಕಿಗೆ ಯಾರೂ ಒಂದು ಕಾಳೂ ಹಾಕಿರಲಿಲ್ಲ.

ಹೋಗೋ ಮುಂಚೆ ಯಾರೂ ನಂಬಿರಲಿಲ್ಲ. ಸೋಲಾಪುರದಿಂದ ಮೀನು ತಂದು ಮಾರುವ ಗೆಳೆಯ "ನಾಲ್ಕು ದಿನ ಅಂದ್ರ ನಡೀತೈತಿ, ಹದಿಮೂರು ದಿನ ಆಗಂಗಿಲ್ಲ ಬಿಡೋ" ಅಂದ. ಅವ್ವ ಅಂತೂ "ನೀರಾಗಿನ ಜೀವಾ ಉಪವಾಸ ಕೆಡವಿ ಕಾಶಿಗೆ ಹೋದ್ರ ಯಾವ ಪುಣ್ಯ ಬರತೈತೋ ತಮ್ಮಾ?" ಅಂತ ಕೇಳಿದಳು. ಆ ಮಾತು ಎರಡು ದಿನ ನನ್ನನ್ನು ಬಿಡಲಿಲ್ಲ. ಆದರೂ ಹಟ ಬಿಡಲಿಲ್ಲ, ಯಾಕಂದ್ರೆ ಆಹಾರ ಹಾಕಿಸಿ ಮೀನು ಕಳಕೊಂಡವನು ನಾನು.

ಮೂರು ವರ್ಷದ ಹಿಂದೆ ದೀಪಾವಳಿಗೆ 6 ದಿನ ಊರಿಗೆ ಹೋಗಿದ್ದೆವು. ಪಕ್ಕದ ಮನೆ ಕಾಕಾ "ನೀ ಚಿಂತಿ ಮಾಡಬ್ಯಾಡ, ನನ್ನ ಮೊಮ್ಮಗ ನೋಡ್ಕೋತಾನ" ಅಂದರು. ಕೀಲಿ ಕೊಟ್ಟೆ, ಆಹಾರದ ಡಬ್ಬಿಯನ್ನೂ ಹಾಗೇ ಕೊಟ್ಟೆ. ಹುಡುಗನಿಗೆ ಮೀನು ಮೇಲೆ ಬಂದು ಬಾಯಿ ತೆರೆದರೆ ಹಸಿವು ಅಂತ ಅನ್ನಿಸಿದೆ. ಡಬ್ಬಿ ಮೂರೇ ದಿನಕ್ಕೆ ಖಾಲಿ. ಆಮೇಲೆ ಜೋಳದ ರೊಟ್ಟಿ ಚೂರು, ಚುರುಮುರಿ. ನಾವು ಬಂದಾಗ ನೀರು ಅಂಬಲಿ ತರ ಬೆಳ್ಳಗಾಗಿತ್ತು, 9 ಮೀನು ಸತ್ತಿದ್ದವು. ಅದರಲ್ಲಿ ಎರಡು ವರ್ಷ ಸಾಕಿ, ಮೊಟ್ಟೆ ಇಡೋದಕ್ಕೆ ಶುರು ಮಾಡಿದ್ದ ಏಂಜೆಲ್ ಜೋಡಿಯೂ ಹೋಯಿತು. ಹುಡುಗನ ತಪ್ಪಿಲ್ಲ, ಅಳತೆ ಮಾಡಿ ಪೊಟ್ಟಣ ಕಟ್ಟಿಡದೆ ಹೋದದ್ದು ನಾನು. ನಮ್ಮ ಕಡೆ ಬೋರ್ ನೀರು ಬೇರೆ ಗಡಸು, ನನ್ನ ಬೋರಿನದು ಪಿಎಚ್ 8ರ ಮೇಲೆ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ) 1,100 ಆಸುಪಾಸು. ಅಂಥ ನೀರಿನಲ್ಲಿ, ಅದೂ ಬಿಸಿ ಇದ್ದಾಗ, ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಇನ್ನೂ ಜಾಸ್ತಿ ವಿಷ. ಮೆದು ನೀರಿನ ಊರಿನವರು ತಡೆದುಕೊಳ್ಳುವಷ್ಟು ತಪ್ಪನ್ನು ನಮ್ಮ ಟ್ಯಾಂಕು ತಡೆಯೋದಿಲ್ಲ.

ಮರುವರ್ಷ ಆಟೊಮ್ಯಾಟಿಕ್ ಫೀಡರ್ ತರಿಸಿದೆ, 1,450 ರೂಪಾಯಿ ಇರಬೇಕು. ಪುಣ್ಯಕ್ಕೆ ಮನೆಯಲ್ಲಿ ಇದ್ದಾಗಲೇ ಪರೀಕ್ಷೆ ಮಾಡಿದೆ. ಟ್ಯಾಂಕಿನ ಆವಿ ತಾಗಿ ಕಾಳು ತೇವ ಆಯಿತು. ಎರಡು ದಿನ ಏನೂ ಬೀಳಲಿಲ್ಲ, ಮೂರನೇ ದಿನ ದೊಡ್ಡ ಗಂಟೇ ಬಿತ್ತು. ರಜೆಗೆ ಅಂತ ಮಾರುವ ಬಿಳಿ ಬ್ಲಾಕ್ ಕೂಡ ತಂದು ಹಾಕಿದ್ದೆ. ಏಂಜೆಲ್‌ಗಳು ಅದರ ಹತ್ತಿರವೂ ಹೋಗಲಿಲ್ಲ, ಅದು ಕರಗಿ ಕರಗಿ ತಳ ಎಲ್ಲಾ ಸುಣ್ಣ ಬಳಿದ ಹಾಗೆ ಆಯಿತು. ಮೊದಲೇ ಗಡಸು ನೀರು, ಅದಕ್ಕೆ ಇನ್ನಷ್ಟು ಸುಣ್ಣ ಯಾಕೆ ಬೇಕು? ಸತ್ತ ಮೀನು, ಫೀಡರ್, ಬ್ಲಾಕು ಎಲ್ಲಾ ಸೇರಿ 6,000 ರೂಪಾಯಿ ಮೇಲೆ ಕಳೆದಿದ್ದೇನೆ.

ಇಷ್ಟಾದ ಮೇಲೆ ನನಗೆ ಗಟ್ಟಿಯಾದದ್ದು ಒಂದೇ. ಬೆಳೆದ, ಆರೋಗ್ಯವಾಗಿರುವ ಮೀನು ಹತ್ತು ಹದಿನೈದು ದಿನ ಹಸಿವಿನಿಂದ ಸಾಯೋದಿಲ್ಲ. ಕೊಳೆತ ಆಹಾರ, ಕರೆಂಟ್ ಹೋಗಿ ಗಾಳಿ ನಿಲ್ಲೋದು, ನೀರು ಕಾಯೋದು, ಈ ಮೂರು ಸಾಯಿಸುತ್ತವೆ. ಆಹಾರ ನಿಲ್ಲಿಸಿದರೆ ಮೊದಲನೆಯದು ಮುಗಿಯಿತು. ಉಳಿದ ಎರಡಕ್ಕೆ ನಾನು ಒಂದು ಬೇಸಿಗೆ ಪೂರ್ತಿ ಕೂತೆ.

ಮೊದಲು ಮನೆಯಲ್ಲೇ ಇದ್ದು 4 ದಿನ ಖಾಲಿ ಬಿಟ್ಟೆ, ದಿನಾ ಅಮೋನಿಯಾ ನೋಡಿದೆ. ಆಮೇಲೆ ಜಮಖಂಡಿಯ ಅಕ್ಕನ ಮನೆಗೆ ಹೋದಾಗ 7 ದಿನ. ಎರಡೂ ಸಲ ನೀರು ಮೊದಲಿಗಿಂತ ತಿಳಿಯಾಗೇ ಇತ್ತು. ಸಕ್ಕರ್‌ಗೆ ಮತ್ತು ಮೋಲಿಗಳಿಗೆ ಅಂತ ಹಿಂದಿನ ಗಾಜಿನ ಪಾಚಿಯನ್ನು ಒಂದು ತಿಂಗಳು ಕೆರೆಯದೆ ಬೆಳೆಯೋಕೆ ಬಿಟ್ಟಿದ್ದೆ. ಅವ್ವನಿಗೆ ಅದನ್ನೇ ತೋರಿಸಿದೆ. "ಇದು ನಿರ್ಜಲ ಉಪವಾಸ ಅಲ್ಲವ್ವ, ಏಕಾದಶಿ ಫರಾಳ ಇದ್ದಂಗ" ಅಂದೆ. ಸ್ವಲ್ಪ ಸಮಾಧಾನ ಆಯಿತು ಅನಿಸುತ್ತೆ.

ಈಗ ಬಿಸಿಲಿನ ವಿಷಯ. ನಮ್ಮದು ಮೇಲಿನ ಮಹಡಿ, ಸ್ಲ್ಯಾಬ್ ಕಾದು ಮಧ್ಯಾಹ್ನ ಟ್ಯಾಂಕ್ ನೀರು 34 ಡಿಗ್ರಿ ಮುಟ್ಟುತ್ತಿತ್ತು. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹಳೆಯ 12 ವೋಲ್ಟಿನ ಕೂಲಿಂಗ್ ಫ್ಯಾನ್ ಎರಡು ತಂದೆ, ಒಂದಕ್ಕೆ 150 ರೂಪಾಯಿ. ಮುಚ್ಚಳ ತೆಗೆದು, ಅದರ ಜಾಗದಲ್ಲಿ ಸೊಳ್ಳೆ ಜಾಳಿಗೆ ಬಿಗಿದು, ನೀರಿನ ಮೇಲೆ ಓರೆಯಾಗಿ ಗಾಳಿ ಬಡಿಯೋ ಹಾಗೆ ಕೂಡಿಸಿದೆ. 3 ಡಿಗ್ರಿ ಇಳಿಯಿತು, ಕೆಲವು ದಿನ ಮೂರೂವರೆ. ನಮ್ಮದು ಒಣ ಹವೆ, ಅದಕ್ಕೇ ಇಷ್ಟು ಇಳಿಯುತ್ತೆ. ಮಂಗಳೂರಿನಲ್ಲಿ ಇದನ್ನೇ ಮಾಡಿದರೆ ಇಷ್ಟು ಇಳಿಯೋದಿಲ್ಲ. ಟೈಮರ್ ಹಾಕಿ ಬೆಳಿಗ್ಗೆ 11ರಿಂದ ರಾತ್ರಿ 9ರವರೆಗೆ ಓಡಿಸಿದೆ.

ಆದರೆ ಫ್ಯಾನ್ ಹಾಕಿದ ಮೇಲೆ ನೀರು ಹಾರುತ್ತೆ. ಗಾಜಿಗೆ ಟೇಪ್ ಅಂಟಿಸಿ ಗುರುತು ಮಾಡಿದೆ, ದಿನಕ್ಕೆ ಎರಡೂವರೆ ಲೀಟರ್ ಹತ್ತಿರ. 13 ದಿನಕ್ಕೆ 30 ಲೀಟರ್ ಮೇಲೆ! ಹೊರಗೆ ತೂಗು ಹಾಕಿರುವ ಫಿಲ್ಟರ್ ಇದ್ದರೆ ಅರ್ಧದಲ್ಲೇ ಒಣಗಿ ಸುಡುತ್ತೆ. ನನ್ನದು ನೀರಿನೊಳಗೇ ಇದ್ದು ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್, ಆ ಭಯ ಇಲ್ಲ, ಆದರೂ ಉಪ್ಪು ಸುಣ್ಣ ಎಲ್ಲಾ ಒಳಗೇ ಉಳಿದು ನೀರು ದಪ್ಪ ಆಗುತ್ತಲ್ವಾ. ಹಾರಿದಷ್ಟು ನೀರು ತಾನೇ ತುಂಬಲಿ ಅಂತ ಮೊದಲು ಹರವಿ ಪ್ರಯೋಗ ಮಾಡಿದೆ. ಹೊಸ ಮಣ್ಣಿನ ಹರವಿಯಲ್ಲಿ ಫಿಲ್ಟರ್ ನೀರು ತುಂಬಿ ಟ್ಯಾಂಕಿನ ಮೇಲೆ ಇಟ್ಟರೆ ಒಸರಿ ಒಸರಿ ಬೀಳಬಹುದು ಅಂತ. ಒಸರಿದ್ದು ಗಾಳಿಗೆ ಅಲ್ಲೇ ಆರಿಹೋಯಿತು, ಟ್ಯಾಂಕಿಗೆ ಹನಿ ಬೀಳಲಿಲ್ಲ. ಈಗ ಆ ಹರವಿ ಕುಡಿಯುವ ನೀರಿಗೆ ಇದೆ.

ಕೊನೆಗೆ ಕೈ ಹಿಡಿದದ್ದು ಸಲೈನ್ ಪೈಪು. ಔಷಧಿ ಅಂಗಡಿಯಲ್ಲಿ 30 ರೂಪಾಯಿಗೆ ಒಂದು. ಕಪಾಟಿನ ಮೇಲೆ 20 ಲೀಟರಿನ ಎರಡು ಕ್ಯಾನ್, ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ತುಂಬಿಸಿದ್ದು. ಒಂದೊಂದಕ್ಕೆ ಒಂದು ಪೈಪು, ನಿಮಿಷಕ್ಕೆ 20 ಹನಿ. 20 ಹನಿ ಅಂದರೆ ಹೆಚ್ಚುಕಡಿಮೆ 1 ಎಂಎಲ್, ದಿನಕ್ಕೆ ಒಂದೂವರೆ ಲೀಟರಿಗೆ ಸ್ವಲ್ಪ ಕಮ್ಮಿ, ಒಂದು ಕ್ಯಾನ್ 13-14 ದಿನ ಬರುತ್ತೆ. ಒಂದೇ ದೊಡ್ಡ ಕ್ಯಾನ್ ಬೇಡ, ಒಂದು ಕಟ್ಟಿಕೊಂಡರೆ ಇನ್ನೊಂದು ಇರಬೇಕು. ಟ್ಯಾಂಕನ್ನು ಮೇಲಿನಿಂದ 3 ಇಂಚು ಖಾಲಿ ಬಿಟ್ಟಿದ್ದೆ. ಯಾವುದಾದರೂ ಕ್ಲಿಪ್ ಸಡಿಲಾಗಿ ಒಂದು ಕ್ಯಾನ್ ಪೂರಾ ಸುರಿದರೂ ನೆಲಕ್ಕೆ ಚೆಲ್ಲಬಾರದು. ಇನ್ನೊಂದು ತೊಂದರೆ, ಕ್ಯಾನಿನಲ್ಲಿ ನೀರು ಇಳಿದಂತೆ ಹನಿ ನಿಧಾನ ಆಗುತ್ತೆ, ಐದನೇ ದಿನಕ್ಕೆ 20 ಇದ್ದದ್ದು 12ಕ್ಕೆ ಬಂದಿತ್ತು. ಅದನ್ನು ಸರಿ ಮಾಡೋಕೆ ನನಗೆ ಒಂದು ತಿಂಗಳು ಬೇಕಾಯಿತು. ಕ್ಯಾನಿಗೆ ಗಾಳಿ ಎಲ್ಲಿಂದ ಒಳಗೆ ಹೋಗುತ್ತೆ ಅನ್ನೋದರಲ್ಲಿ ಗುಟ್ಟಿದೆ, ಇಷ್ಟೇ ಹೇಳ್ತೀನಿ. ಉಳಿದದ್ದು ನೀವೇ ಮಾಡಿ ನೋಡಿ, ಸಿಕ್ಕಾಗ ಆಗುವ ಖುಷಿ ಬೇರೆ.

ಕರೆಂಟಿಗೆ ಮನೆಯ ಇನ್ವರ್ಟರ್ ಸಾಕಾಯಿತು. ಏರ್ ಪಂಪು, ಎರಡು ಫ್ಯಾನು ಬಿಟ್ಟು ಉಳಿದ ಎಲ್ಲಾ ಲೈನಿನ ಎಂಸಿಬಿ ಇಳಿಸಿ ಹೋದೆ. ಒಟ್ಟು ಎಳೆಯೋದು ಹತ್ತು ವ್ಯಾಟ್ ಕೂಡ ಇಲ್ಲ, 150 ಎಎಚ್ ಬ್ಯಾಟರಿ ಒಂದು ದಿನದ ಮೇಲೆ ಆರಾಮ ತಡೆಯುತ್ತೆ. ಅದರ ಮೇಲೆ, ಕರೆಂಟ್ ಹೋದ ಕೂಡಲೇ ತಾನೇ ಚಾಲೂ ಆಗುವ ಬ್ಯಾಟರಿ ಪಂಪ್ ಒಂದು, 1,200 ರೂಪಾಯಿ. ಏರ್ ಪೈಪಿಗೆ, ನೀರು ಹಿಂದೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಮರೀಬೇಡಿ. 20 ರೂಪಾಯಿ ಉಳಿಸೋಕೆ ಹೋಗಿ ಒಂದು ಸಲ ಅರ್ಧ ಟ್ಯಾಂಕ್ ನೀರು ಪಂಪಿನ ಮೂಲಕ ನೆಲಕ್ಕೆ ಇಳಿದಿತ್ತು. ಮೇನ್ ಸ್ವಿಚ್ಚಿಗೆ ಟೇಪ್ ಸುತ್ತಿ "ಮುಟ್ಟಬೇಡಿ" ಅಂತ ಬರೆದೆ, ಯಾಕಂದ್ರೆ ಊರಿಗೆ ಹೊರಟಾಗ ಮೇನ್ ಆಫ್ ಮಾಡೋದು ನಮ್ಮ ಮನೆಯಲ್ಲಿ ಎಲ್ಲರಿಗೂ ರೂಢಿ. ಲೈಟು ಪೂರ್ತಿ ಬಂದ್, ಕಿಟಕಿ ಬೆಳಕು ಸಾಕು. ಹೊಸದಾಗಿ ಖರ್ಚಾದದ್ದು ಎಲ್ಲಾ ಸೇರಿ 2,000 ಆಸುಪಾಸು.

ಹೊರಡುವ 10 ದಿನ ಮುಂಚಿನಿಂದ ಆಹಾರ ಅರ್ಧ ಮಾಡಿದೆ. 3 ದಿನ ಇದ್ದಾಗ ಕಾಲು ಭಾಗ ನೀರು ಬದಲಿಸಿ, ಸ್ಪಂಜನ್ನು ಅದೇ ತೆಗೆದ ನೀರಿನಲ್ಲಿ ಹಿಂಡಿದೆ. ಹೊರಡೋ ದಿನ ಟ್ಯಾಂಕಿಗೆ ಕೈ ಹಾಕಲಿಲ್ಲ. ಒಂದು ತಿಂಗಳಿಂದ ಹೊಸ ಮೀನು ತಂದಿರಲಿಲ್ಲ.

ಮೋಲಿ ಮರಿಗಳು ಮಾತ್ರ ಈ ಲೆಕ್ಕಕ್ಕೆ ಬರೋದಿಲ್ಲ, ಅವಕ್ಕೆ ದಿನಾ ತಿನ್ನೋಕೆ ಬೇಕು. ಅವನ್ನು ಬೇವಿನ ಮರದ ನೆರಳಿನ ಸಿಮೆಂಟ್ ತೊಟ್ಟಿಗೆ ಬಿಟ್ಟೆ. ಅಲ್ಲಿ ಹಸಿರು ನೀರು, ಸೊಳ್ಳೆ ಮರಿ, ಮೊದಲೇ ಒಂದಿಷ್ಟು ಗಪ್ಪಿ. ಸೊಳ್ಳೆ ತಡೆಯೋಕೆ ಆರೋಗ್ಯ ಇಲಾಖೆಯವರು ಹೊಂಡಗಳಿಗೆ ಬಿಡೋದೂ ಇದೇ ಗಪ್ಪಿಯನ್ನ. ತೊಟ್ಟಿಗೆ ಗಾಳಿ ಇಲ್ಲ, ಫಿಲ್ಟರ್ ಇಲ್ಲ, ಮೇಲೆ ಒಂದು ಒದ್ದೆ ಗೋಣಿ ಚೀಲ ಅಷ್ಟೇ, ಅದಕ್ಕೆ ನೀರು ಹೊಡೆಯೋ ಕೆಲಸ ಮಾತ್ರ ಕಾಕಾನ ಮೊಮ್ಮಗನಿಗೆ ಕೊಟ್ಟಿದ್ದೆ. ಚೆನ್ನಾಗಿ ಮಾಡಿದ್ದಾನೆ. ವಾಪಸ್ ಬಂದಾಗ ಮರಿಗಳು ಒಳಗೆ ಸಾಕಿದ್ದಕ್ಕಿಂತ ದಪ್ಪ ಆಗಿದ್ದವು. ಮುಂದಿನ ಬೇಸಿಗೆಗೆ ಇನ್ನೊಂದು ತೊಟ್ಟಿ ಕಟ್ಟಿಸುತ್ತೇನೆ.

ಬಂದ ರಾತ್ರಿ ಅಮೋನಿಯಾ ಪರೀಕ್ಷೆ ಮಾಡಿ ನೋಡಿದೆ, ಬಣ್ಣವೇ ತಿರುಗಲಿಲ್ಲ, ಅಂದರೆ ಅಮೋನಿಯಾ ಇಲ್ಲ. ನೀರು 31 ಡಿಗ್ರಿ. ಏಂಜೆಲ್‌ಗಳ ಹೊಟ್ಟೆ ಸ್ವಲ್ಪ ಒಳಗೆ ಹೋಗಿತ್ತು, ಹಿಂದಿನ ಗಾಜು ತೊಳೆದ ಹಾಗೆ ಸ್ವಚ್ಛ. ಗಾಜಿನ ಹತ್ತಿರ ಬಂದು ಬಾಯಿ ತೆರೆದವು. ಅವ್ವ "ಹಾಕೋ, ಇನ್ನೂ ಹಾಕೋ" ಅಂತ ಹಿಂದೆ ನಿಂತಿದ್ದಳು. ಒಂದೇ ಚಿಟಿಕೆ ಹಾಕಿದೆ, ಮರುದಿನ ಎರಡು ಸಲ ಚಿಟಿಕೆ, ನಾಲ್ಕನೇ ದಿನಕ್ಕೆ ಮೊದಲಿನಷ್ಟು. ಸೋಲಾಪುರದ ಗೆಳೆಯ ಮೊನ್ನೆ ಬಂದವನು ಕ್ಯಾನುಗಳನ್ನು ಸುತ್ತ ತಿರುಗಿ ನೋಡಿ, ಫೋಟೋ ತೆಗೆದುಕೊಂಡು ಹೋದ.