ಮಂಗಳೂರಿನ ಹವೆಯಲ್ಲಿ ಬಿಸ್ಮತ್ ಸೆಲೆನೈಡ್: ನನ್ನ ಅನುಭವ

"ಈ ಹವೆಯಲ್ಲಿ ಹರಳು ಬೆಳೆಸಿ ಮೇಲ್ಮೈ ಎಲೆಕ್ಟ್ರಾನ್ ನೋಡುವುದಾ? ಸುಮ್ನೆ ದುಡ್ಡು ದಂಡ ಮಾರಾಯ್ರೆ" ಎಂದವರೇ ಜಾಸ್ತಿ. ಬಿಸ್ಮತ್ ಸೆಲೆನೈಡ್ ಹರಳಿನ ಒಳಭಾಗ ಕರೆಂಟು ಹಾಯಲು ಬಿಡಬಾರದು, ಮೇಲ್ಮೈ ಮಾತ್ರ ಬಿಡಬೇಕು. ನಾನು ಹುಡುಕಿದ್ದು ಆ ಮೇಲ್ಮೈಯ ಎಲೆಕ್ಟ್ರಾನನ್ನೇ. ಕಳೆದ ಫೆಬ್ರವರಿಯಲ್ಲಿ ಇಂದೋರಿಗೆ ಸ್ಯಾಂಪಲ್ ಒಯ್ದು 2 ಕೆಲ್ವಿನ್‌ಗೆ, ಅಂದರೆ ಸುಮಾರು −271 ಡಿಗ್ರಿಗೆ, ಇಳಿಸಿದೆ. ಕಾಂತಕ್ಷೇತ್ರ ಸೊನ್ನೆ ದಾಟುವಾಗ ರೆಸಿಸ್ಟೆನ್ಸ್ ಗೆರೆ ಚೂಪಾಗಿ ಕೆಳಗಿಳಿಯಿತು. ನಾನು ಕಾಯುತ್ತಿದ್ದ ಮೇಲ್ಮೈ ಎಲೆಕ್ಟ್ರಾನಿನ ಗುರುತು ಅದೇ. ಫೋಟೋ ಎಲ್ಲರಿಗೂ ಕಳಿಸಿದೆ. ಯಾರೂ ಉತ್ತರ ಕೊಡಲಿಲ್ಲ, ಇರಲಿ.

ಮೊದಲ ಐದು ಆಂಪ್ಯೂಲ್ (ಬಿಸ್ಮತ್, ಸೆಲೆನಿಯಂ ತುಂಬಿ ಬಾಯಿ ಸೀಲ್ ಮಾಡಿದ ಕೊಳವೆ) ನೀರಿನಲ್ಲಿ ಹೋಮ. ಒಂದೊಂದಕ್ಕೆ ಆರೇಳು ಸಾವಿರ. ಎರಡು ಒಲೆಯೊಳಗೇ ಒಡೆದವು. ಸೆಲೆನಿಯಂ 685 ಡಿಗ್ರಿಗೇ ಕುದಿಯುತ್ತದೆ, ನಾನು ಗಡಿಬಿಡಿಯಲ್ಲಿ ಸೀದಾ 850ಕ್ಕೆ ಏರಿಸಿದ್ದೆ. ಕೊಳೆತ ಮೂಲಂಗಿಯ ವಾಸನೆ, ಎಲ್ಲರೂ ಹೊರಗೆ. ಇನ್ನೆರಡು ಸೀಲ್ ಕೂರದೆ ಹಾಳು. ಸೀಲ್ ಮಾಡುವುದನ್ನು ಕಲಿಸಿದ್ದು ಕಾರ್ ಸ್ಟ್ರೀಟಿನ ಚಿನ್ನದ ಕೆಲಸದ ಆಚಾರ್ರು. "ಬೆಂಕಿ ಓಡಿಸಬೇಡಿ, ಕೊಳವೆ ತಿರುಗಿಸಿ" ಎಂದರು, ಅಷ್ಟೇ. ಐದನೆಯದು ಜುಲೈಯಲ್ಲಿ ಹೋಯಿತು. ಗಂಟೆಗೆ 3 ಡಿಗ್ರಿಯಂತೆ 550ಕ್ಕೆ ಇಳಿಸುವುದೆಂದರೆ ನಾಲ್ಕು ದಿನದ ಕೆಲಸ. ಮೂರನೇ ರಾತ್ರಿ ಗುಡುಗಿತು, ಕರೆಂಟು ಹೋಯಿತು. ಆಮೇಲೆ ಒಲೆಗೆ ಸೆರಾಮಿಕ್ ಉಣ್ಣೆ ಎರಡು ಸುತ್ತು ಜಾಸ್ತಿ ಸುತ್ತಿದೆ. ಕರೆಂಟು ಹೋದಾಗ ಅರ್ಧ ಗಂಟೆಗೆ ನೂರು ಡಿಗ್ರಿ ಬೀಳುತ್ತಿದ್ದದ್ದು ನಲವತ್ತಕ್ಕೆ ನಿಂತಿತು.

ಆರನೆಯದಕ್ಕೆ ಸೆಲೆನಿಯಂ ಸ್ವಲ್ಪ ಹೆಚ್ಚೇ ಹಾಕಿದೆ. ಹರಳಿನಲ್ಲಿ ಅದರ ಜಾಗ ಖಾಲಿ ಬಿದ್ದರೆ ಒಳಗೆಲ್ಲ ಎಲೆಕ್ಟ್ರಾನ್ ತುಂಬಿ ಮೇಲ್ಮೈಯ ಸುದ್ದಿಯೇ ಇರುವುದಿಲ್ಲ ಅಲ್ವಾ. ಎಷ್ಟು ಹೆಚ್ಚು ಎಂದು ಹೇಳುವುದಿಲ್ಲ, ಮೊದಲು ಸಾಲ ತೀರಲಿ.

ಟೇಪಿನಲ್ಲಿ ಎಬ್ಬಿಸಿದ ಪದರ ಸುಮಾರು 70 ನ್ಯಾನೋಮೀಟರ್ ದಪ್ಪ. ಅದರ ಮೇಲೆ ಚಿನ್ನದ ಸಂಪರ್ಕ ಮೂಡಿಸಲು ನಮ್ಮಲ್ಲಿ ಲಿಥೋಗ್ರಫಿ (ಸೂಕ್ಷ್ಮ ಅಚ್ಚು ಮೂಡಿಸುವ ವಿಧಾನ) ಇಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ತಾಮ್ರದ ಜಾಲರಿಯನ್ನೇ ಮೇಲಿಟ್ಟು ಚಿನ್ನದ ಆವಿ ಹಾಯಿಸಿದೆ. ಜಾಲರಿ ಅಲುಗದಂತೆ ಕೂರಿಸುವುದಕ್ಕೊಂದು ಉಪಾಯವಿದೆ. ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಸ್ಯಾಂಪಲ್ ಓರೆ ಮಾಡಿಯೂ ನೋಡಿದೆ. ಕಾಂತಕ್ಷೇತ್ರದಲ್ಲಿ ಪದರಕ್ಕೆ ಲಂಬವಾಗಿರುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದು ಗೆರೆ ಎಳೆದರೆ ಗೆರೆಗಳೆಲ್ಲ ಒಂದರ ಮೇಲೊಂದು ಕೂತವು. ಎರಡು ಆಯಾಮದ್ದೇ, ಸಂಶಯವಿಲ್ಲ. ಗೆರೆಗೆ ಸೂತ್ರ ಹೊಂದಿಸಿದಾಗ ಸಿಗುವ ಆಲ್ಫಾ ಮಾತ್ರ −0.5ರ ಹತ್ತಿರ ಬಂತು. ಎಲೆಕ್ಟ್ರಾನ್ ಓಡುವ ಒಂದೊಂದು ಬೇರೆ ದಾರಿಗೆ, ಅಂದರೆ ಚಾನೆಲ್‌ಗೆ, −0.5 ಎಂದು ಲೆಕ್ಕ. ಮೇಲೆ ಕೆಳಗೆ ಎರಡು ಮೇಲ್ಮೈ ಇದ್ದರೂ ಒಳಗಿನ ಎಲೆಕ್ಟ್ರಾನ್ ಅವನ್ನು ಬೆಸೆದು ಒಂದೇ ಚಾನೆಲ್ ಮಾಡಿವೆ ಎಂದು ನನ್ನ ಲೆಕ್ಕ. −1 ಬೇಕೆಂದರೆ ಒಳಭಾಗವನ್ನು ಇನ್ನೂ ಬರಿದು ಮಾಡಬೇಕು.

ನಡುವೆ ಇನ್ನೊಂದು ಹುಚ್ಚು. ಒಂದು ಚೂರನ್ನು ಆಗಸ್ಟ್ ಪೂರ್ತಿ ಕಿಟಕಿಯಲ್ಲಿ, ಒಂದನ್ನು ಸಿಲಿಕಾ ಜೆಲ್‌ನಲ್ಲಿ, ಒಂದನ್ನು ಕುಚಲಕ್ಕಿ ಡಬ್ಬಿಯಲ್ಲಿ ಇಟ್ಟೆ. ಹಾಲ್ ಅಳತೆಯಲ್ಲಿ (ಕಾಂತಕ್ಷೇತ್ರದಲ್ಲಿಟ್ಟು ಎಲೆಕ್ಟ್ರಾನ್ ಎಷ್ಟಿವೆ ಎಂದು ಎಣಿಸುವ ವಿಧಾನ) ಕಿಟಕಿಯದ್ದರ ಎಲೆಕ್ಟ್ರಾನ್ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗಿತ್ತು. ಜೆಲ್‌ನದ್ದು ಇದ್ದ ಹಾಗೇ ಇತ್ತು. ಅಕ್ಕಿಯದ್ದು ಅಳೆಯಲೇ ಇಲ್ಲ, ಡಬ್ಬಿ ತೆರೆದರೆ ಹುಳ.