ಹೊರರಾಜ್ಯದಲ್ಲಿ ಕೊಂಡ ಹಳೇ ಕಾರನ್ನು ಊರಿಗೆ ತರುವುದು ಹೇಗೆ?

ಮುಂಬೈಯಲ್ಲಿರುವ ಸಂಬಂಧಿಕರು ಮಾರುವ ಕಾರು, ಕಾಸರಗೋಡಿನ ಡೀಲರ್ ಬಳಿ ಸಿಕ್ಕಿದ ಕಾರು, ಗೋವಾದಲ್ಲಿ ಕಡಿಮೆ ಓಡಿದ ಕಾರು, ದೆಹಲಿಯಿಂದ ಅಗ್ಗಕ್ಕೆ ಬರುವ ಡೀಸೆಲ್ ಕಾರು. ಮಂಗಳೂರು, ಉಡುಪಿ ಕಡೆ ಇಂಥ ಕಾರು ಕೊಳ್ಳುವವರು ಮೊದಲು ಕೇಳುವುದು ಇದನ್ನೇ: ಆ ರಾಜ್ಯದ ನಂಬರಿನಲ್ಲೇ ಊರಿನವರೆಗೆ ಓಡಿಸಿಕೊಂಡು ಬರಬಹುದೇ?

ಬರಬಹುದು. ಯಾವುದೇ ರಾಜ್ಯದಲ್ಲಿ ಆದ ನೋಂದಣಿ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಕಾರು ಮಾರಾಟವಾದ ಕೂಡಲೇ ಅದರ ನಂಬರ್ ರದ್ದಾಗುವುದಿಲ್ಲ. ತಾತ್ಕಾಲಿಕ ನೋಂದಣಿ ಇರುವುದು ಹೊಸ ವಾಹನಕ್ಕೆ, ಹಳೇ ಕಾರಿಗೆ ಅದರ ಅಗತ್ಯವಿಲ್ಲ. ಹಳೇ ಪ್ಲೇಟ್ ಕಳಚಿ ‘ಫಾರ್ ರಿಜಿಸ್ಟ್ರೇಷನ್’ ಎಂದು ಬರೆಸಿ ತರುವುದೇ ಅಪರಾಧ.

ಇಲ್ಲಿ ಎರಡು ಗಡುವುಗಳನ್ನು ಬಹಳ ಮಂದಿ ಒಂದೇ ಎಂದುಕೊಳ್ಳುತ್ತಾರೆ. ಬೇರೆ ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕು ಎನ್ನುವುದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಇದು ವರ್ಗವಾಗಿ ಬಂದವರಂತೆ ತಮ್ಮದೇ ಕಾರು ತಂದವರಿಗೆ ಸಾಕಾಗುತ್ತದೆ. ಕಾರನ್ನು ಕೊಂಡವರಿಗೆ 50ನೇ ಸೆಕ್ಷನ್ ಕೂಡ ಇದೆ. ಅದರ ಪ್ರಕಾರ ಕೊಂಡ 30 ದಿನಗಳ ಒಳಗೆ ಮಾಲೀಕತ್ವ ಬದಲಾವಣೆಗೆ ಅರ್ಜಿ ಹಾಕಬೇಕು. ‘ಒಂದು ವರ್ಷ ಏನೂ ಮಾಡಬೇಕಾಗಿಲ್ಲ’ ಎಂಬ ಏಜೆಂಟರ ಮಾತು ನಂಬಿ ಕುಳಿತವರು ಸಿಕ್ಕಿಬೀಳುವುದು ಇಲ್ಲೇ.

ಹೊರಡುವ ಮೊದಲು, ಮನೆಯಲ್ಲಿ ಕುಳಿತೇ

ಕಾರಿನ ನಂಬರ್ ಸಿಕ್ಕಿದ ತಕ್ಷಣ ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ನೋಂದಣಿ ಎಲ್ಲಿಯವರೆಗೆ ಇದೆ, ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿವೆಯೇ, ಬ್ಯಾಂಕಿನ ಹೈಪೋಥಿಕೇಶನ್ (ಸಾಲದ ಅಡಮಾನ) ಉಳಿದಿದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಇ-ಚಲನ್ ಜಾಲತಾಣದಲ್ಲಿ ಬಾಕಿ ದಂಡವನ್ನೂ ನೋಡಿ. ಮುಂಬೈ, ಬೆಂಗಳೂರಿನಂಥ ಊರುಗಳಲ್ಲಿ ಓಡಿದ ಕಾರಿಗೆ ಕ್ಯಾಮೆರಾ ಹಾಕಿದ ಚಲನ್‌ಗಳು ಮಾಲೀಕನಿಗೇ ಗೊತ್ತಿಲ್ಲದಂತೆ ಗುಡ್ಡೆಬಿದ್ದಿರುತ್ತವೆ. ಅವನ್ನು ತೀರಿಸದೆ, ಕಾರನ್ನು ಹೊರರಾಜ್ಯಕ್ಕೆ ಒಯ್ಯಲು ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಕೈಗೆ ಬರುವುದು ಕಷ್ಟ.

ಇನ್ನೊಂದು ಪ್ರಶ್ನೆಯನ್ನು ಮಾರುವವರಿಗೆ ಫೋನಿನಲ್ಲೇ ಕೇಳಿ: ಆರ್‌ಟಿಒ ದಾಖಲೆಯಲ್ಲಿರುವ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲಿದೆಯೇ? ಎನ್‌ಒಸಿ ಅರ್ಜಿಯ ಒಟಿಪಿ ಹೋಗುವುದು ಆ ನಂಬರಿಗೆ. ಹೊಸ ಕಾರು ಕೊಟ್ಟಾಗ ಶೋರೂಮಿನವರು ತಮ್ಮದೇ ನಂಬರ್ ಹಾಕಿಬಿಟ್ಟಿರುವುದು, ಮಾಲೀಕ ಸಿಮ್ ಬದಲಿಸಿರುವುದು ಮಾಮೂಲು. ಹಾಗಿದ್ದರೆ ಮೊದಲು ಮಾಲೀಕರೇ ತಮ್ಮ ದಾಖಲೆಯಲ್ಲಿ ನಂಬರ್ ಬದಲಿಸಿಕೊಳ್ಳಬೇಕು. ದುಡ್ಡು ಕೊಟ್ಟು ಕಾರು ಊರಿಗೆ ಬಂದ ಮೇಲೆ ಈ ಕೆಲಸಕ್ಕೆ ಅವರನ್ನು ಆರ್‌ಟಿಒ ಕಚೇರಿಗೆ ಕಳಿಸುವುದು ಎಷ್ಟು ಕಷ್ಟವೆಂದು ಕೊಂಡವರಿಗೆಲ್ಲ ಗೊತ್ತು.

ದೆಹಲಿ ಕಡೆಯ ಕಾರಾದರೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಬಂದಿದ್ದರಿಂದಲೇ ಬೆಲೆ ಇಳಿದಿದೆ. ಅಂಥ ಕಾರಿಗೆ ಎನ್‌ಒಸಿ ಕೈಗೆ ಸಿಗುವ ತನಕ ಪೂರ್ತಿ ಹಣ ಕೊಡಬೇಡಿ. ಯಾವ ಊರಿನದಾದರೂ 15 ವರ್ಷ ಮುಗಿಯುತ್ತ ಬಂದ ಕಾರಿಗೆ ನೋಂದಣಿ ನವೀಕರಣದ ಶುಲ್ಕವೇ 5,000 ರೂಪಾಯಿ. ಅದನ್ನು ಯಾರು ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ.

ಎನ್‌ಒಸಿ: ಎರಡು ಬೇರೆ ಕಾಗದ

‘ಎನ್‌ಒಸಿ ಇದೆ’ ಎಂದು ಮಾರುವವರು ಹೇಳಿದರೆ ಯಾವುದು ಎಂದು ಕೇಳಿ. ಸಾಲ ತೀರಿದ್ದಕ್ಕೆ ಬ್ಯಾಂಕ್ ಕೊಡುವುದು ಒಂದು. ಅದರ ಜೊತೆ ಸಾಲ ಮುಗಿದದ್ದನ್ನು ತಿಳಿಸುವ ಫಾರಂ 35 ಸೇರಿಸಿ ಆರ್‌ಸಿ, ಅಂದರೆ ನೋಂದಣಿ ಪತ್ರದಿಂದ ಹೈಪೋಥಿಕೇಶನ್ ತೆಗೆಸಬೇಕು. ಕಾರನ್ನು ಬೇರೆ ರಾಜ್ಯಕ್ಕೆ ಒಯ್ಯಲು ಆರ್‌ಟಿಒ ಕೊಡುವುದು ಇನ್ನೊಂದು, ಅದು ಫಾರಂ 28. ನಿಮಗೆ ಬೇಕಾಗಿರುವುದು ಎರಡನೆಯದು. ಮೊದಲನೆಯದು ಆಗದಿದ್ದರೆ ಎರಡನೆಯದು ಮುಂದೆ ಹೋಗುವುದಿಲ್ಲ.

ಫಾರಂ 28ರಲ್ಲಿ ಕಾರು ಹೋಗುವ ಆರ್‌ಟಿಒ ಯಾವುದೆಂದು ಬರೆಯಬೇಕು. ನಿಮ್ಮ ವಿಳಾಸಕ್ಕೆ ಯಾವ ಕಚೇರಿ ಎಂದು ಖಾತ್ರಿ ಮಾಡಿಕೊಂಡೇ ಮಾರುವವರಿಗೆ ಹೇಳಿ. ಮಂಗಳೂರು ಕೆಎ-19, ಉಡುಪಿ ಕೆಎ-20, ಪುತ್ತೂರು ಕೆಎ-21, ಬಂಟ್ವಾಳ ಕೆಎ-70. ‘ಮಂಗಳೂರು ಹತ್ತಿರ’ ಎಂದು ಕೆಎ-19 ಬರೆಸಿಕೊಂಡು ಬಂದ ಬಂಟ್ವಾಳದ ಬಿ.ಸಿ.ರೋಡಿನವರು ಮತ್ತೆ ಮೂಲ ಆರ್‌ಟಿಒಗೆ ಓಡಬೇಕಾಗುತ್ತದೆ.

ಈ ಅರ್ಜಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಕೆಲವು ಕಾರುಗಳಲ್ಲಿ ಚಾಸಿಸ್ ನಂಬರ್ ಬಾನೆಟ್ ಒಳಗೆ ಎಂಜಿನ್ ಹಿಂದಿನ ತಗಡಿನ ಮೇಲಿರುತ್ತದೆ, ಕೆಲವುಗಳಲ್ಲಿ ಮುಂದಿನ ಸೀಟಿನ ಬಳಿ ಕಾರ್ಪೆಟ್ ಎತ್ತಿದರೆ ಸಿಗುತ್ತದೆ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿ ಎಣ್ಣೆಜಿಡ್ಡು ಒರೆಸಿ, ಒಣಗಿದ ಮೇಲೆ ತೆಳು ಕಾಗದವಿಟ್ಟು, ಪೆನ್ಸಿಲ್ಲನ್ನು ಅಡ್ಡ ಹಿಡಿದು ಒಂದೇ ದಿಕ್ಕಿಗೆ ಮೆಲ್ಲಗೆ ತೀಡಿ. ಆ 17 ಅಕ್ಷರ, ಅಂಕಿಗಳನ್ನು ಆರ್‌ಸಿ ಜೊತೆ ಒಂದೊಂದಾಗಿ ತಾಳೆ ನೋಡಿ. ನಾಲ್ಕೈದು ಪ್ರಿಂಟ್ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ, ಊರಿನಲ್ಲಿಯೂ ಬೇಕಾಗುತ್ತದೆ. ಮುಂಬೈ, ಗೋವಾ ಕಾರುಗಳಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದು ಅಕ್ಷರ ಅಳಿಸಿರುವುದುಂಟು. ತಂತಿ ಬ್ರಷ್‌ನಿಂದ ಉಜ್ಜಲು ಹೋಗಬೇಡಿ. ಕೆರೆದಂತೆ ಕಂಡ ಚಾಸಿಸ್ ನಂಬರನ್ನು ಬ್ರೇಕ್ ಇನ್‌ಸ್ಪೆಕ್ಟರ್ ಕದ್ದ ಗಾಡಿಯ ನಂಬರೆಂದು ಅನುಮಾನಿಸುವುದು ಸಹಜ. ಓದಲಾಗದಷ್ಟು ಹಾಳಾಗಿದ್ದರೆ ಆ ಕಾರನ್ನು ಬಿಟ್ಟುಬಿಡುವುದೇ ಲೇಸು.

ಅರ್ಜಿ ತಲುಪಿದ 30 ದಿನಗಳ ಒಳಗೆ ಆರ್‌ಟಿಒ ಎನ್‌ಒಸಿ ಕೊಡಬೇಕು ಇಲ್ಲವೇ ನಿರಾಕರಣೆಯ ಕಾರಣವನ್ನು ಬರೆದು ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಎನ್‌ಒಸಿ ಕೈಗೆ ಬಂದ ಮೇಲೆಯೇ ಕಾರು ತರಲು ಹೋಗುವುದು ಸರಿಯಾದ ಕ್ರಮ. ಕಾರು ಮೊದಲು ತರಲೇಬೇಕಾದರೆ ಎನ್‌ಒಸಿ ಸಿಗುವವರೆಗೆ ಒಂದಷ್ಟು ಹಣ ಉಳಿಸಿಕೊಳ್ಳುವ ಮಾತನ್ನು ಬರಹದಲ್ಲಿ ಮಾಡಿಕೊಳ್ಳಿ. ಆಪ್ತ ಸಂಬಂಧಿಕರಾದರೂ ಇದರಲ್ಲಿ ದಾಕ್ಷಿಣ್ಯ ಬೇಡ.

ಕೀ ತೆಗೆದುಕೊಳ್ಳುವ ದಿನ

ಮಾರಾಟ ತಿಳಿಸುವ ಫಾರಂ 29 ಮತ್ತು ಮಾಲೀಕತ್ವ ಬದಲಾವಣೆಯ ಫಾರಂ 30ಕ್ಕೆ ಮಾರುವವರ ಸಹಿ ಆರ್‌ಟಿಒ ದಾಖಲೆಯಲ್ಲಿರುವಂತೆಯೇ ಇರಲಿ. ಹಾಳಾದರೆ, ಕಳೆದರೆ ಎಂದು ಇನ್ನೊಂದು ಸೆಟ್‌ಗೂ ಹಾಕಿಸಿಕೊಳ್ಳಿ. ಅವರ ಪಾನ್ ಮತ್ತು ವಿಳಾಸ ದಾಖಲೆಯ ಸಹಿ ಮಾಡಿದ ಪ್ರತಿ, ಮೂಲ ಆರ್‌ಸಿ, ಹೊಸದಾಗಿ ಕೊಂಡಾಗಿನ ಇನ್‌ವಾಯ್ಸ್ ಪ್ರತಿ, ಎರಡೂ ಕೀಗಳು ನಿಮ್ಮ ಕೈಗೆ ಬರಲಿ. ಇನ್‌ವಾಯ್ಸ್ ಯಾಕೆಂದು ತೆರಿಗೆಯ ಮಾತು ಬಂದಾಗ ತಿಳಿಯುತ್ತದೆ. ಡೀಲರ್ ಮೂಲಕ ಕೊಳ್ಳುವುದಾದರೆ ಅವರಿಗೆ ಆರ್‌ಟಿಒ ಕೊಟ್ಟ ಅಧಿಕೃತ ಪತ್ರವಿದೆಯೇ ಎಂದು ಕೇಳಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅಂಥ ಡೀಲರ್‌ಗಳೇ ಎನ್‌ಒಸಿ, ಮಾಲೀಕತ್ವ ಬದಲಾವಣೆಗೆ ಅರ್ಜಿ ಹಾಕಬಹುದು.

ಡೆಲಿವರಿ ಪತ್ರದಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ. ನಂಬರ್, ಚಾಸಿಸ್, ಎಂಜಿನ್, ಮೀಟರ್ ರೀಡಿಂಗ್, ಇಬ್ಬರ ಸಹಿ, ಸಾಕ್ಷಿ ಇರಲಿ, ಒಂದೊಂದು ಪ್ರತಿ ಇಬ್ಬರಲ್ಲೂ ಉಳಿಯಲಿ. ಬೆಳಿಗ್ಗೆ ಹತ್ತಕ್ಕೆ ಸಿಗ್ನಲ್ ದಾಟಿದ್ದು ಅವರೋ ನೀವೋ ಎಂಬ ಜಗಳವನ್ನು ಆ ಗಂಟೆ ತೀರಿಸುತ್ತದೆ. ಮಾರುವವರಿಗೂ ಇದು ಬೇಕು: ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದನ್ನು ತಿಳಿಸಿಕೊಟ್ಟರೆ ಅವರೂ ಕಾಗದಪತ್ರಕ್ಕೆ ಚುರುಕಾಗಿ ಓಡಾಡುತ್ತಾರೆ.

ಇನ್ಶೂರೆನ್ಸ್‌ನಲ್ಲಿ ಅಡಗಿರುವ ತೊಂದರೆ

ಪಾಲಿಸಿ ಚಾಲ್ತಿಯಲ್ಲಿದ್ದರೆ ಬೇರೆಯವರಿಗೆ ಆಗುವ ಹಾನಿಯ ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆ ತಾನಾಗಿ ನಿಮಗೆ ಬರುತ್ತದೆ, 157ನೇ ಸೆಕ್ಷನ್ ಹಾಗೆ ಹೇಳುತ್ತದೆ. ಹೀಗಾಗಿ ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದರೆ ಕಾನೂನಿನ ತೊಂದರೆಯಿಲ್ಲ. ಆದರೆ ನಿಮ್ಮ ಕಾರಿಗೇ ಆಗುವ ಹಾನಿಯ ಓನ್ ಡ್ಯಾಮೇಜ್ ಭಾಗ ಹಾಗಲ್ಲ. ಪಾಲಿಸಿ ನಿಮ್ಮ ಹೆಸರಿಗೆ ಬರುವ ಮೊದಲು ಅಂಕೋಲಾದ ತಿರುವಿನಲ್ಲಿ ಕಾರು ಚರಂಡಿಗಿಳಿದರೆ ಕಂಪನಿ ಕ್ಲೇಮ್ ನಿರಾಕರಿಸಬಹುದು. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಹಳೇ ಮಾಲೀಕನ ಹೆಸರಿಗೇ ಇರುತ್ತದೆ. ಆದ್ದರಿಂದ ಹೊರಡುವ ಮೊದಲೇ ಕಂಪನಿಗೆ ಫೋನ್ ಮಾಡಿ, ಸಹಿಯಾದ ಫಾರಂ 29, 30ರ ಪ್ರತಿ ಕಳಿಸಿ ಹೆಸರು ಬದಲಾವಣೆ ಕೇಳಿ. ಏನೇ ಆದರೂ 14 ದಿನಗಳ ಒಳಗೆ ಅರ್ಜಿ ಹೋಗಿರಬೇಕು. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದುದಕ್ಕೆ ಸಿಗುವ ರಿಯಾಯಿತಿ) ಅವರದ್ದೇ. ಅದರ ವ್ಯತ್ಯಾಸವನ್ನು ಕಂಪನಿ ನಿಮ್ಮಿಂದ ವಸೂಲಿ ಮಾಡುತ್ತದೆ.

ಪಾಲಿಸಿ ಮುಗಿದಿದ್ದರೆ ಕಾರನ್ನು ಒಂದು ಫರ್ಲಾಂಗ್ ಕೂಡ ಓಡಿಸಬೇಡಿ. ದಂಡ ಮೊದಲ ಸಲ 2,000 ರೂಪಾಯಿಯಷ್ಟೇ ಇರಬಹುದು, ಯಾರಿಗಾದರೂ ಡಿಕ್ಕಿಯಾದರೆ ಪರಿಹಾರ ಮನೆ ಮಾರಿದರೂ ತೀರದು. ಟೋ ಮಾಡಿಸಿ ಇಲ್ಲವೇ ಕಾರ್ ಕ್ಯಾರಿಯರ್ ಲಾರಿಯಲ್ಲಿ ತರಿಸಿ.

ರಸ್ತೆಯಲ್ಲಿ

ಒಂದು ಫೈಲಿನಲ್ಲಿ ಮೂಲ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಡೆಲಿವರಿ ಪತ್ರ, ಫಾರಂ 29-30, ಎನ್‌ಒಸಿ ಪ್ರತಿ, ನಿಮ್ಮ ಲೈಸೆನ್ಸ್ ಇರಲಿ. ಎನ್‌ಒಸಿ ಆದ ಕಾರಿನ ನಂಬರ್ ಹಾಕಿದರೆ ಪೊಲೀಸರ ಆ್ಯಪ್‌ನಲ್ಲಿ ಹಾಗೆಯೇ ಕಾಣಿಸುತ್ತದೆ, ಆಗ ಪ್ರಶ್ನೆ ಬರುವುದು ಸಹಜ. ಪತ್ರ ತೋರಿಸಿದರೆ ಮುಗಿಯಿತು. ಎಮಿಷನ್ ಸರ್ಟಿಫಿಕೇಟ್ ಯಾವ ರಾಜ್ಯದಲ್ಲಿ ಮಾಡಿಸಿದರೂ ನಡೆಯುತ್ತದೆ.

ಗೋವಾದಿಂದ ಬರುವವರಿಗೆ ಮಾಜಾಳಿ ದಾಟಿದ ಮೇಲೆ ಹಟ್ಟಿಕೇರಿ, ಹೊಳೆಗದ್ದೆ, ಶಿರೂರು, ಸಾಸ್ತಾನ, ಹೆಜಮಾಡಿ ಟೋಲ್‌ಗಳು. ಕಾಸರಗೋಡಿನ ಕಡೆಯಿಂದ ಬಂದರೆ ತಲಪಾಡಿ. ಫಾಸ್ಟ್ಯಾಗ್ ಹಳೇ ಮಾಲೀಕರದ್ದು. ಅದರಲ್ಲಿರುವ ಹಣವನ್ನು ಲೆಕ್ಕ ಹಾಕಿ ಕೊಟ್ಟು ಊರು ತಲುಪುವವರೆಗೆ ಬಿಡಲು ಕೇಳಿಕೊಳ್ಳುವುದು ಸುಲಭದ ದಾರಿ. ಟ್ಯಾಗ್ ಇಲ್ಲದವರಿಗೆ 2025ರ ನವೆಂಬರ್ 15ರಂದು ಜಾರಿಗೆ ಬಂದ ನಿಯಮದಲ್ಲಿ ಟೋಲ್ ನಗದಿಗೆ ದುಪ್ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು.

ಟೈರಿನ ಬದಿಯ ನಾಲ್ಕಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ್ದು. ತಿಂಗಳುಗಟ್ಟಲೆ ನಿಂತ ಕಾರಾದರೆ ಬ್ಯಾಟರಿ, ಕೂಲಂಟ್, ಬ್ರೇಕ್ ಪರೀಕ್ಷಿಸದೆ ಮುಂಬೈಯಿಂದ ಹೊರಡುವುದು ಬೇಡ. ಮಳೆಗಾಲವಾದರೆ ವೈಪರ್ ಬ್ಲೇಡ್ ಹೊಸದು ಹಾಕಿಸಿ.

ಊರು ತಲುಪಿದ ಮೇಲೆ

ನಿಮ್ಮ ಆರ್‌ಟಿಒದಲ್ಲಿ ಹೊಸ ನಂಬರಿಗೆ ಫಾರಂ 27, ಮಾಲೀಕತ್ವಕ್ಕೆ ಫಾರಂ 30. ಕಾರನ್ನು ತಪಾಸಣೆಗೆ ಒಯ್ಯಬೇಕು. ಟೈರ್, ಲೈಟ್ ಸರಿಯಿರಲಿ, ಗಾಜಿಗೆ ಕಪ್ಪು ಫಿಲ್ಮ್ ಇದ್ದರೆ ತೆಗೆಸಿ.

ಜೇಬಿಗೆ ಭಾರವಾಗುವುದು ಜೀವಾವಧಿ ತೆರಿಗೆ. ಅದನ್ನು ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಹೊಸದರಲ್ಲಿ ಶೇ. 14, ಆ ತೆರಿಗೆಯ ಮೇಲೆ ಶೇ. 11 ಸೆಸ್. ಎಂಟು ಲಕ್ಷದ ಕಾರಿಗೆ ಅದು 1,24,320 ರೂಪಾಯಿ. ಕಾರು ಹಳತಾದಷ್ಟೂ ಈ ಮೊತ್ತದಲ್ಲಿ ಕಟ್ಟಬೇಕಾದ ಪಾಲು ಇಳಿಯುತ್ತದೆ. ಮೂರು ಲಕ್ಷಕ್ಕೆ ಕೊಂಡ ಕಾರಿಗೆ ಇಷ್ಟೊಂದೇ ಎಂದು ಕೌಂಟರಿನ ಮುಂದೆ ಬೆಚ್ಚಿಬೀಳುವ ಬದಲು, ಬೆಲೆ ಮಾತಾಡುವಾಗಲೇ ಆರ್‌ಟಿಒದಲ್ಲಿ ವಿಚಾರಿಸಿ ಇದನ್ನು ಸೇರಿಸಿ ಲೆಕ್ಕ ಹಾಕಿ. ಅನೇಕ ಬಾರಿ ಇದೇ ಊರಿನ ಕೆಎ-20 ಕಾರು ಅಗ್ಗ ಎಂದು ಗೊತ್ತಾಗುತ್ತದೆ.

ಹೊಸ ನಂಬರ್ ಬಂದ ಮೇಲೆ ಹೊಸ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿ, ಇನ್ಶೂರೆನ್ಸ್‌ನಲ್ಲಿ ನಂಬರ್ ತಿದ್ದಿಸಿ, ಹಳೇ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮ ಹೆಸರಿನಲ್ಲಿ ತೆಗೆದುಕೊಳ್ಳಿ. ಕೇರಳ, ಮಹಾರಾಷ್ಟ್ರದಲ್ಲಿ ಮೊದಲೇ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯದ್ದನ್ನು ವಾಪಸ್ ಕೇಳಲು ಅವಕಾಶವಿದೆ. ಅದಕ್ಕೆ ಇಲ್ಲಿ ಮರುನೋಂದಣಿಯಾದ ದಾಖಲೆ ಮತ್ತು ತೆರಿಗೆ ಕಟ್ಟಿದ ರಸೀದಿಯೊಂದಿಗೆ ಮೂಲ ಆರ್‌ಟಿಒಗೆ ಅರ್ಜಿ ಹಾಕಬೇಕು. ಆ ಹಣ ಯಾರಿಗೆ ಸೇರಬೇಕೆಂದು ಡೆಲಿವರಿ ಪತ್ರದಲ್ಲೇ ಒಂದು ಸಾಲು ಬರೆಸಿಕೊಂಡಿರಿ.