ಅಜ್ಜಿಯ ಕೈ, ಅಡಿಕೆ ಹಾಳೆ: ಅಲಂಕಾರ ಕಲಿಸಿದ ನನ್ನ ಅನುಭವ

ಕಾಸರಗೋಡಿನ ಕುಂಬಳೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಕೆಲವು ವರ್ಷಗಳ ಹಿಂದೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ, ಕಾವ್ಯದ ಅಲಂಕಾರಗಳಲ್ಲಿ ಒಂದಾದ ಉಪಮೆಗೆ, ಅಂದರೆ ಹೋಲಿಕೆಗೆ, ಒಂದು ಉದಾಹರಣೆಯನ್ನು ಮನೆಮಾತಿನಿಂದ ಹುಡುಕಿ ಬರೆದು ತನ್ನಿ ಎಂದಿದ್ದೆ. ಒಬ್ಬ ಹುಡುಗ ಬರೆದು ತಂದದ್ದು ಇಷ್ಟು: ‘ಮಾವ ನಾಳೆ ಬರುತ್ತಾರಂತೆ.’

“‘ಅಂತೆ’ ಉಂಟಲ್ಲ ಟೀಚರ್?” ಎಂದು ಕೇಳಿದ.

ಅವನ ತಪ್ಪೇನೂ ಇರಲಿಲ್ಲ. ‘ಅಂತೆ, ಹಾಗೆ, ವೊಲ್, ತೆರದಿ ಬಂದರೆ ಉಪಮೆ’ ಎಂದು ಹೇಳಿಕೊಟ್ಟವಳು ನಾನೇ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಯಾರೋ ಹೇಳಿದ್ದನ್ನು ತಿಳಿಸುವ ‘ಅಂತೆ’ಗೂ ಹೋಲಿಸುವ ‘ಅಂತೆ’ಗೂ ವ್ಯತ್ಯಾಸ ಕಾಣದಿದ್ದರೆ ಮಗು ಪದ್ಯ ಓದಿ ಏನು ಪ್ರಯೋಜನ? ಅವತ್ತಿನಿಂದ ಪಾಠ ಶುರು ಮಾಡುವ ಕ್ರಮವನ್ನೇ ಬದಲಿಸಿದೆ.

ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ಉಪಮಾವಾಚಕ (‘ಹಾಗೆ’, ‘ಅಂತೆ’ಯಂಥ ಪದ), ಸಮಾನಧರ್ಮ (ಎರಡರಲ್ಲೂ ಇರುವ ಗುಣ). ಈ ನಾಲ್ಕೂ ಹೆಸರು ಮಕ್ಕಳಿಗೆ ಬಾಯಿಪಾಠ. ನಾನು ಕೊನೆಯದನ್ನು ಮೊದಲು ಹಿಡಿದುಕೊಂಡೆ. ಅದರ ಹೆಸರು ಹೇಳದೆ ಸುಮ್ನೆ ‘ಯಾಕೆ?’ ಎಂದು ಕೇಳತೊಡಗಿದೆ.

ಒಬ್ಬಳು ಹುಡುಗಿ ಹೇಳಿದಳು, “ನನ್ನ ಅಜ್ಜಿಯ ಕೈ ಒಣಗಿದ ಅಡಿಕೆ ಹಾಳೆಯ ಹಾಗೆ.”

“ಯಾಕೆ?”

“ದೊರಗು, ಟೀಚರ್.”

ಪಕ್ಕದವಳು, “ಹಾಳೆಯಲ್ಲಿ ಉದ್ದುದ್ದ ಗೆರೆ ಇರ್ತದೆ, ಅಜ್ಜಿಯ ಕೈಯಲ್ಲೂ ಉಂಟು” ಎಂದಳು. ಹಿಂದಿನ ಬೆಂಚಿನ ಒಬ್ಬನ ಮನೆಯಲ್ಲಿ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ, ಮಾಡುತ್ತಾರೆ. ಅವನು ಎದ್ದು ನಿಂತು, “ಒಣಗಿದ ಹಾಳೆಯನ್ನು ನೀರಲ್ಲಿ ನೆನೆಹಾಕಿದ್ರೆ ಮೆತ್ತಗಾಗ್ತದೆ, ಹೇಳಿದ ಹಾಗೆ ಬಗ್ಗುತ್ತದೆ” ಎಂದ. ಮೊದಲು ಮಾತಾಡಿದ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. “ಅಜ್ಜಿ ತಲೆ ಸವರುವಾಗ ಕೈ ದೊರಗು ಅಂತ ಗೊತ್ತೇ ಆಗುವುದಿಲ್ಲ” ಎಂದಳು.

ನನಗೆ ಆ ಹೊತ್ತು ಇನ್ನೂ ಕಣ್ಣ ಮುಂದಿದೆ. ಒಂದೇ ಹೋಲಿಕೆಯಿಂದ ಮೂರು ಸಮಾನಧರ್ಮ ಹೊರಗೆ ಬಂದವು. ಮೂರನೆಯದು, ಹೇಳಿದವಳಿಗೇ ಮೊದಲು ತಿಳಿದಿರಲಿಲ್ಲ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಗಳದ್ದೇ. ಓದದೆಯೂ ಕಾವ್ಯ ಬಲ್ಲವರು ಎಂದು ಕನ್ನಡದ ಜನರನ್ನು ಮೆಚ್ಚಿದ್ದೂ ಅದೇ ಪುಸ್ತಕ, ಅಲ್ವಾ?

ಮರುದಿನ ಇನ್ನೊಬ್ಬ, ‘ಕಾಟಿ ಎಮ್ಮೆಯ ಹಾಗೆ ಇರುತ್ತದೆ’ ಎಂದು ತಂದ. ಕಾಟಿ ಎಂದರೆ ಕಾಡುಕೋಣ. ಹೋಲಿಕೆ ಸರಿಯಾಗಿಯೇ ಇದೆ. ಆದರೆ ಅದು ಕಾಟಿಯನ್ನು ನೋಡದವರಿಗೆ ಕೊಡುವ ಮಾಹಿತಿ, ಅಷ್ಟೆ. ‘ಗೋವಿನಂತೆ ಗವಯ’ (ಹಸುವಿನ ಹಾಗಿರುವ ಕಾಡುಪ್ರಾಣಿ ಗವಯ) ಎಂಬುದು ಅಲಂಕಾರವಲ್ಲ, ಅದರಲ್ಲಿ ಚಮತ್ಕಾರವಿಲ್ಲ ಎಂದು ಅಲಂಕಾರಶಾಸ್ತ್ರ ಬರೆದ ಹಳೆಯ ಲಾಕ್ಷಣಿಕರೇ ಹೇಳಿದ್ದಾರೆ.

ರೂಪಕಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಅದೇ ವಾಕ್ಯದಿಂದ ‘ಹಾಗೆ’ಯನ್ನು ಒರೆಸಿದೆ. ‘ಅಜ್ಜಿಯ ಕೈ ಒಣಗಿದ ಹಾಳೆ.’ ಎರಡೂ ಒಂದೇ ಆಗಿಬಿಟ್ಟವು.

ತೊಂದರೆ ಆಗುವುದು ಉತ್ಪ್ರೇಕ್ಷೆಯಲ್ಲಿ. ದಿನದ ಮಾತಿನಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುವುದು. ಅಲಂಕಾರದಲ್ಲಿ ಆ ಕೆಲಸ ಅತಿಶಯೋಕ್ತಿಯದು. ಉತ್ಪ್ರೇಕ್ಷೆ ಎಂದರೆ ಒಂದನ್ನು ಇನ್ನೊಂದಾಗಿ ಊಹಿಸುವುದು. ಜೂನ್ ತಿಂಗಳ ಒಂದು ಮಧ್ಯಾಹ್ನ ಮಳೆ ಜೋರಾಗಿ ನನ್ನ ಸ್ವರ ಯಾರಿಗೂ ಕೇಳದಾಯಿತು. ಬೋರ್ಡಿನಲ್ಲಿ ಬರೆದೆ: ‘ಯಾರೋ ಮಾಡಿನ ಮೇಲೆ ಗೋಣಿಗಟ್ಟಲೆ ಅಡಿಕೆ ಸುರಿಯುತ್ತಿದ್ದಾರೋ ಎಂಬಂತೆ ಮಳೆ ಹೊಯ್ಯಿತು.’ ಮಕ್ಕಳು ಓದಿ ಮಾಡಿನ ಕಡೆ ನೋಡಿದರು. ಮತ್ತೆ ವಿವರಿಸಬೇಕಾಗಲಿಲ್ಲ.

ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರಿಗಿಂತ ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತಾಡುವವರೇ ಜಾಸ್ತಿ. ಇದನ್ನು ನಾನು ಕೊರತೆ ಎಂದು ಯಾವತ್ತೂ ನೋಡಿಲ್ಲ. ಉಪಮಾವಾಚಕ ಎಂಬ ಪದಕ್ಕೆ ಬೆದರಿ ಕುಳಿತ ಮಲಯಾಳ ಮನೆಮಾತಿನವಳಿಗೆ, “ನಿನ್ನ ಮನೆಯ ‘ಪೋಲೆ’ಯೇ ಇದು” ಎಂದರೆ ಮುಗಿಯಿತು. ತುಳುವಿನವರಿಗೆ ‘ಲೆಕ’. ಆದರೆ ನುಡಿಗಟ್ಟಿನಲ್ಲಿ ಎಚ್ಚರ ಬೇಕು. ‘ಗೆಳೆಯ ಕೈಕೊಟ್ಟ’ ಎಂದು ಓದಿದ ಹುಡುಗಿಯೊಬ್ಬಳು, ಗೆಳೆಯ ಸಹಾಯ ಮಾಡಿದ ಎಂದೇ ಇಡೀ ಕತೆಯನ್ನು ತಿಳಿದುಕೊಂಡಿದ್ದಳು. ಮಲಯಾಳದಲ್ಲಿ ಕೈ ಕೊಡುವುದು ಎಂದರೆ ಕೈ ಕುಲುಕುವುದು, ಆಸರೆಯಾಗುವುದು. ಈಗ ಪಾಠದಲ್ಲಿ ಬರುವ ಒಂದೊಂದು ನುಡಿಗಟ್ಟನ್ನೂ, ‘ನಿಮ್ಮ ಮನೆಮಾತಿನಲ್ಲಿ ಇದಕ್ಕೆ ಎಂತ ಅರ್ಥ?’ ಎಂದು ಮೊದಲೇ ಕೇಳಿಬಿಡುತ್ತೇನೆ.

ಒಂದೇ ಮಾತಿಗೆ ಎರಡು ಅರ್ಥ ಬರುವ ಶ್ಲೇಷೆಯನ್ನು ಕಲಿಸಿದ್ದು ತಾಳಮದ್ದಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಎಂದು ಹೆಸರಾದ ಸೀಮೆ ನಮ್ಮದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ಒಂದು ಸೋಮವಾರ ಅದೇ ‘ಮಾವ ಬರುತ್ತಾರಂತೆ’ ಹುಡುಗ ಬಂದು ಕೇಳಿದ, “ಟೀಚರ್, ಮೊನ್ನೆ ದೇವಸ್ಥಾನದಲ್ಲಿ ಕರ್ಣ ‘ನಾನು ನರನಿಗೆ ಹೆದರುವವನಲ್ಲ’ ಅಂದಾಗ ಜನ ಚಪ್ಪಾಳೆ ತಟ್ಟಿದ್ದು ಯಾಕೆ?”

“ಅರ್ಜುನನಿಗೆ ನರ ಎಂದೂ ಹೆಸರುಂಟು” ಎಂದೆ, ಅಷ್ಟೇ. ಅವನ ಮುಖ ಅರಳಿತು. ಮನುಷ್ಯನಿಗೂ ಹೆದರುವುದಿಲ್ಲ, ಅರ್ಜುನನಿಗೂ ಹೆದರುವುದಿಲ್ಲ! ಒಂದು ಕ್ಷಣ ಬಿಟ್ಟು ಕೇಳಿದ, “ಹಾಗಾದರೆ ‘ತೋಟಕ್ಕೆ ಬಂದದ್ದು ಹುಲಿಯಂತೆ’ ಅಂದರೆ? ಯಾರೋ ಹೇಳಿದ್ದಾ, ಹುಲಿಯ ಹಾಗೆ ಇದ್ದದ್ದಾ?”

ಆ ವಾಕ್ಯವನ್ನು ಅವನ ಕೈಯಲ್ಲೇ ಬೋರ್ಡಿನಲ್ಲಿ ಬರೆಸಿದೆ. ಅವತ್ತಿನ ಪಾಠ ಅದರಿಂದಲೇ ಶುರುವಾಯಿತು.